ಪುನರ್ವಸತಿ ಎಂದರೆ ಎಚ್‌ಆರ್‌ಪಿ ಜಮೀನೇ?

ಆಲೂರು ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಗೆ ನಾನು ಅಂಗವೈಕಲ್ಯವುಳ್ಳವರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಾಗಿ (ವಿಆರ್‌ಡಬ್ಲ್ಯೂ) ಸೇರಿ ಹದಿನಾರು ವರ್ಷಗಳಾದವು. ಸೇರಿದ ಮೊದಲ ವಾರ ಮನೆಮನೆ ಸಮೀಕ್ಷೆಗೆ ಹೊರಟವನು ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕುಳಿತಿದ್ದ ಹಿರಿಯರೊಬ್ಬರಿಗೆ ನನ್ನ ಹುದ್ದೆಯ ಹೆಸರನ್ನು ಪೂರ್ತಿಯಾಗಿ ಹೇಳಿ ಪರಿಚಯ ಮಾಡಿಕೊಂಡೆ. ಅವರು ಮಾತಿಲ್ಲದೆ ಒಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಕಾಗದದ ಕಟ್ಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದರು. "ಎಚ್‌ಆರ್‌ಪಿ ಜಮೀನಿನ ವಿಚಾರ ಅಲ್ವಾ ಸಾರ್? ನಮ್ಮಪ್ಪನ ಹೆಸರಲ್ಲೈತೆ, ಇನ್ನೂ ಖಾತೆ ಆಗಿಲ್ಲ" ಎಂದರು. ಎಚ್‌ಆರ್‌ಪಿ ಎಂದರೆ ಹೇಮಾವತಿ ಜಲಾಶಯ ಯೋಜನೆ, ಅದರಲ್ಲಿ ಮುಳುಗಡೆಯಾದವರಿಗೆ ಬದಲಿಯಾಗಿ ಕೊಡುವುದು ಎಚ್‌ಆರ್‌ಪಿ ಜಮೀನು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು, ಹಿನ್ನೀರಿನಲ್ಲಿ ಊರು, ಗದ್ದೆ, ತೋಟಗಳು ಮುಳುಗಿದ ಮೇಲೆ ನಮ್ಮ ಸೀಮೆಯ ಜನರಿಗೆ 'ಪುನರ್ವಸತಿ' ಎಂಬ ಶಬ್ದಕ್ಕೆ ಉಳಿದದ್ದು ಅದೊಂದೇ ಅರ್ಥ. ಆ ಮನೆಯ ಒಳಕೋಣೆಯಲ್ಲಿ ಅವರ ಮೊಮ್ಮಗ ನಾಲ್ಕು ವರ್ಷಗಳಿಂದ ಮಲಗಿದ್ದಲ್ಲೇ ಇದ್ದಾನೆಂಬ ಸಂಗತಿ ನನಗೆ ತಿಳಿದದ್ದು ಕಾಗದದ ಕಟ್ಟನ್ನು ಮತ್ತೆ ಕಟ್ಟಿಕೊಟ್ಟು, ಎರಡು ಲೋಟ ಕಾಫಿ ಕುಡಿದ ಮೇಲೆ.

ಇಂಗ್ಲಿಷಿನ 'ರಿಹ್ಯಾಬಿಲಿಟೇಶನ್' ಎಂಬ ಮೂಲಪದಕ್ಕೆ ಮತ್ತೆ ಶಕ್ತರನ್ನಾಗಿಸುವುದು ಎಂಬ ಅರ್ಥವಿದ್ದರೆ, ಅದನ್ನು ಕನ್ನಡಕ್ಕೆ ತಂದವರು ಮತ್ತೆ ವಾಸಕ್ಕೆ ಜಾಗ ಕೊಡುವುದು ಎಂದು ಮಾಡಿಬಿಟ್ಟಿದ್ದಾರೆ. ಬಹಳ ದಿನ ಇದನ್ನು ಅನುವಾದದ ಎಡವಟ್ಟು ಎಂದೇ ಹೇಳಿಕೊಂಡು ನಗುತ್ತಿದ್ದೆ. ಈಗ ಹಾಸನದ ಕಾಲೇಜೊಂದರಲ್ಲಿ ಸಮಾಜಕಾರ್ಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅತಿಥಿ ಉಪನ್ಯಾಸಕನಾಗಿ ಅಂಗವೈಕಲ್ಯ ಮತ್ತು ಸಮುದಾಯ ಆಧಾರಿತ ಪುನರ್ವಸತಿಯ ಐಚ್ಛಿಕ ಪತ್ರಿಕೆಯನ್ನು ಪಾಠ ಮಾಡುವಾಗ, ಮೊದಲ ತರಗತಿಯನ್ನು ಈ ಶಬ್ದದಿಂದಲೇ ಶುರು ಮಾಡುತ್ತೇನೆ. ಮಲಗಿದ್ದ ಆ ಹುಡುಗನಿಗೆ ತನ್ನ ಮನೆಯಲ್ಲೇ ಇನ್ನೊಮ್ಮೆ ಜಾಗ ಸಿಗಬೇಕಿತ್ತು. ಜಗಲಿಗೆ ಬರುವ ಜಾಗ, ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಸಾಲಿನ ಜಾಗ, ಊರಹಬ್ಬದ ಪಂಕ್ತಿಯಲ್ಲಿ ಒಂದು ಎಲೆಯ ಜಾಗ. ಹಾಗೆ ನೋಡಿದರೆ ಅನುವಾದಕರು ಅಷ್ಟೇನೂ ತಪ್ಪಿಲ್ಲ.

ಹೆಸರುಗಳ ವಿಚಾರಕ್ಕೆ ಬಂದದ್ದರಿಂದ ಇನ್ನೊಂದು ಮಾತು. ನಮ್ಮ ಇಲಾಖೆಯ ಹೆಸರಿನಲ್ಲಿ 'ವಿಕಲಚೇತನ' ಎಂದಿದೆ, ಕೇಂದ್ರದವರು 'ದಿವ್ಯಾಂಗ' ಎನ್ನುತ್ತಾರೆ, ಪತ್ರಿಕೆಗಳು 'ವಿಶೇಷಚೇತನ' ಎಂದು ಬರೆಯುತ್ತವೆ. 'ಅಂಗವಿಕಲ' ಎಂಬುದು ಒರಟಾಯಿತೆಂದು ಅದನ್ನು ಕೈಬಿಟ್ಟವರು 'ವಿಕಲಚೇತನ' ಎಂದಾಗ ಅಂಗಕ್ಕಿದ್ದ ಊನವನ್ನು ಚೇತನಕ್ಕೇ ಅಂಟಿಸಿದೆವು ಎಂಬುದನ್ನು ಗಮನಿಸಿದಂತಿಲ್ಲ. ನನಗೆ ಊನವಿರುವುದು ಎಡಗಾಲಿನಲ್ಲಿ. ಚೇತನಕ್ಕೆ ಏನೂ ಆಗಿಲ್ಲ ಎಂದು ಹೇಳಿದಾಗ ಪ್ರತಿವರ್ಷವೂ ತರಗತಿಯಲ್ಲಿ ನಗು ಬರುತ್ತದೆ, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡುವುದಿಲ್ಲ.

ನನಗೆ ಪೋಲಿಯೊ ಆದದ್ದು ಎರಡನೇ ವರ್ಷದಲ್ಲಿ. ಜ್ವರ ಬಂತು, ಸೂಜಿ ಹಾಕಿಸಿದರು, ಕಾಲು ಹೋಯಿತು ಎಂಬ ಅವ್ವನ ಮೂರು ಮಾತಿನ ಕಥೆ ನನ್ನ ವಯಸ್ಸಿನ ನೂರಾರು ಜನರ ಮನೆಗಳಲ್ಲಿ ಇದೇ ಪದಗಳಲ್ಲಿ ಇದೆ. ನಾನು ಹತ್ತನೇ ತರಗತಿಯವರೆಗೆ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಹಾಕಿಕೊಂಡು ನಡೆದವನು. ಮಲೆನಾಡಿನ ಸೆರಗಿನ ನಮ್ಮೂರಿನ ಮಳೆಯಲ್ಲಿ ಅದರ ಚರ್ಮದ ಪಟ್ಟಿಗಳು ಬೂಸಲು ಹಿಡಿದು, ಮೊಣಕಾಲಿನ ಕೀಲಿಗೆ ತುಕ್ಕು ಹತ್ತಿ, ಆಷಾಢದಲ್ಲಿ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟರೆ ಮರುದಿನ ಶಾಲೆಯಲ್ಲೆಲ್ಲ ಹೊಗೆಯ ವಾಸನೆ. ಕ್ಯಾಲಿಪರ್ ಕೊಟ್ಟದ್ದು ನಗರದ ಶಿಬಿರದವರು. ಅದನ್ನು ಎಂಟು ವರ್ಷ ನಡೆಸಿದ್ದು ಸಂತೆಯಲ್ಲಿ ಕೂರುತ್ತಿದ್ದ ಚಪ್ಪಲಿ ಹೊಲಿಯುವವರು. ಸಮುದಾಯ ಆಧಾರಿತ ಪುನರ್ವಸತಿ ಎಂಬ ಪದವನ್ನು ಮೊದಲ ಬಾರಿ ಪುಸ್ತಕದಲ್ಲಿ ಓದಿದಾಗ ನನ್ನ ಕಣ್ಣಮುಂದೆ ಬಂದವರು ಅವರೇ.

ಈ ಕ್ಷೇತ್ರದಲ್ಲಿ ವಿಶ್ವವಿದ್ಯಾಲಯದ ಓದು ಎಂದರೆ ಏನು ಎಂದು ಕೇಳಿ ತಿಂಗಳಿಗೊಬ್ಬರಾದರೂ ಫೋನ್ ಮಾಡುತ್ತಾರೆ. ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಚಿಕಿತ್ಸೆಯ ಕೋರ್ಸುಗಳು. ನಮ್ಮ ಪಕ್ಕದ ಮೈಸೂರಿನಲ್ಲೇ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಕಲಿತವರು ಮಾತು ಮತ್ತು ಕಿವಿಯ ತಜ್ಞರಾಗಿ ದೇಶದಾದ್ಯಂತ ಇದ್ದಾರೆ. ವಿಶೇಷ ಶಿಕ್ಷಣದ ಬಿ.ಎಡ್., ಕೃತಕ ಅಂಗ ತಯಾರಿಕೆಯ ಪದವಿ ಮುಂತಾದವು 1992ರ ಕಾಯ್ದೆಯ ಮೂಲಕ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಗೆ ಒಳಪಟ್ಟವು, ಮತ್ತು ಅವುಗಳನ್ನು ಓದಿದವರು ಪರಿಷತ್ತಿನಲ್ಲಿ ನೋಂದಾಯಿಸಿಕೊಂಡೇ ಕೆಲಸ ಮಾಡಬೇಕು. ಇವೆಲ್ಲ ಅಗತ್ಯವಾದ ಓದುಗಳು. ಆದರೆ ಅಂಗವೈಕಲ್ಯ ಅಧ್ಯಯನ ಎಂಬುದು ಬೇರೆ. ಅದು ಕಾಲನ್ನು ನೋಡುವುದಕ್ಕಿಂತ ಹೆಚ್ಚಾಗಿ ಮೆಟ್ಟಿಲನ್ನು ನೋಡುತ್ತದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಂಥ ಕಡೆ ಸಮುದಾಯ ಪುನರ್ವಸತಿ ಮತ್ತು ಅಂಗವೈಕಲ್ಯ ಅಧ್ಯಯನ ಎಂಬ ಜೋಡಿ ಹೆಸರಿನಲ್ಲೇ ಪದವಿಯ ಓದಿದೆ. ನಮ್ಮ ದೇಶದಲ್ಲಿ ಮುಂಬೈಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಂಥ ಕೆಲವೇ ಕಡೆ ಇದಕ್ಕೆ ಗಟ್ಟಿಯಾದ ನೆಲೆ ಸಿಕ್ಕಿದೆ. ನಾನು ಪಾಠ ಮಾಡುವಲ್ಲಿ ಇದು ಒಂದು ಸೆಮಿಸ್ಟರಿನ ಒಂದು ಪತ್ರಿಕೆ, ಅದೂ ಸಾಕಷ್ಟು ವಿದ್ಯಾರ್ಥಿಗಳು ಆಯ್ಕೆ ಮಾಡಿಕೊಂಡ ವರ್ಷ ಮಾತ್ರ.

ಮೆಟ್ಟಿಲಿನ ವಿಚಾರಕ್ಕೆ ಒಂದು ಸಿದ್ಧಾಂತವಿದೆ. 1976ರಲ್ಲಿ ಬ್ರಿಟನ್ನಿನಲ್ಲಿ ಅಂಗವಿಕಲರೇ ಕಟ್ಟಿಕೊಂಡಿದ್ದ ಸಂಘಟನೆಯೊಂದು, ದೇಹದ ಊನ ಬೇರೆ, ಆ ಊನವುಳ್ಳವರನ್ನು ಸಮಾಜವು ಹೊರಗಿಡುವುದರಿಂದ ಉಂಟಾಗುವ ವೈಕಲ್ಯ ಬೇರೆ ಎಂಬ ವಾದವನ್ನು ಮುಂದಿಟ್ಟಿತು. 1983ರಲ್ಲಿ ಮೈಕ್ ಆಲಿವರ್ ಅದಕ್ಕೆ ಸಾಮಾಜಿಕ ಮಾದರಿ ಎಂಬ ಹೆಸರು ಕೊಟ್ಟರು. ವಿದ್ಯಾರ್ಥಿಗಳು ಇದನ್ನು ಐದು ಅಂಕದ ಟಿಪ್ಪಣಿಯಾಗಿ ಬಾಯಿಪಾಠ ಮಾಡಿಬಿಡುತ್ತಾರೆ. ಹಾಗಾಗಬಾರದೆಂದು ನನ್ನ ಕಾಲನ್ನೇ ಉದಾಹರಣೆಯಾಗಿ ಕೊಡುತ್ತೇನೆ. ನಲವತ್ತೈದು ವರ್ಷಗಳಲ್ಲಿ ಈ ಕಾಲಿನ ಬಲ ಗುಲಗಂಜಿಯಷ್ಟೂ ಹೆಚ್ಚಾಗಿಲ್ಲ. ಕೆಂಪು ಬಸ್ಸಿನ ಎತ್ತರದ ಮೆಟ್ಟಿಲುಗಳನ್ನು ಹತ್ತಲಾರದೆ ಪಿಯುಸಿಯಲ್ಲಿ ವಾರಕ್ಕೆ ಮೂರು ದಿನ ಮಾತ್ರ ತರಗತಿಗೆ ಹೋಗುತ್ತಿದ್ದ ನಾನು, ಪಕ್ಕಕ್ಕೆ ಎರಡು ಚಕ್ರ ಜೋಡಿಸಿದ ಸ್ಕೂಟರ್ ಬಂದ ವರ್ಷದಿಂದ ಒಬ್ಬನೇ ಸಕಲೇಶಪುರಕ್ಕೂ ಹೋಗಿಬರುತ್ತಿದ್ದೇನೆ. ಕಾಲು ಅದೇ, ವೈಕಲ್ಯ ಮಾತ್ರ ಅದೇ ಅಲ್ಲ. ಸರ್ಟಿಫಿಕೇಟಿನಲ್ಲಿ ಬರೆದಿರುವ ಶೇಕಡಾವಾರು ಪ್ರಮಾಣಕ್ಕೆ ಈ ವ್ಯತ್ಯಾಸವನ್ನು ಹೇಳಲು ಬರುವುದಿಲ್ಲ, ಆದರೂ ನಮ್ಮ ಕಡೆ ಇಬ್ಬರು ಪೋಲಿಯೊದವರು ಎದುರಾದರೆ ಕುಶಲ ಪ್ರಶ್ನೆಗಿಂತ ಮುಂಚೆ ಕೇಳುವುದು "ನಿಂದು ಎಷ್ಟು ಪರ್ಸೆಂಟು?" ಎಂದೇ.

ಇಷ್ಟೆಲ್ಲ ಪಾಠ ಮಾಡುವ ಕೊಠಡಿ ಮೊದಲ ಮಹಡಿಯಲ್ಲಿದೆ. ಎರಡು ವರ್ಷ ಅರ್ಜಿ ಕೊಟ್ಟ ಮೇಲೆ ನನಗೆ ಸಿಕ್ಕ ಉತ್ತರ, ಕೆಳಗಿನ ಕೊಠಡಿಗಳಲ್ಲಿ ಪ್ರೊಜೆಕ್ಟರ್ ಇಲ್ಲ ಎಂಬುದು. ಸಾಮಾಜಿಕ ಮಾದರಿಯ ಬಗ್ಗೆ ಸ್ಲೈಡ್ ತೋರಿಸುವುದಕ್ಕಾಗಿ ಇಪ್ಪತ್ತೆರಡು ಮೆಟ್ಟಿಲು ಹತ್ತಬೇಕೆಂಬ ವಿಡಂಬನೆಯನ್ನು ನಾನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಪ್ರೊಜೆಕ್ಟರ್ ಬಿಟ್ಟು, ಮಳೆಯಿಲ್ಲದ ದಿನಗಳಲ್ಲಿ ಹೊರಗಿನ ಕಟ್ಟೆಯ ಮೇಲೆ ಪಾಠ ಮಾಡುತ್ತೇನೆ.

ಸಮುದಾಯ ಆಧಾರಿತ ಪುನರ್ವಸತಿಯ ಕಥೆ ಇನ್ನೊಂದು ದಿಕ್ಕಿನಿಂದ ಬಂದದ್ದು. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಅಟಾದಲ್ಲಿ ಪ್ರಾಥಮಿಕ ಆರೋಗ್ಯದ ಬಗ್ಗೆ ಘೋಷಣೆಯಾದ ನಂತರ, ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಮಾತ್ರ ಸಿಗುವ ಪುನರ್ವಸತಿ ಹಳ್ಳಿಗಳನ್ನು ಎಂದೂ ಮುಟ್ಟುವುದಿಲ್ಲವೆಂದು ಮನಗಂಡ ವಿಶ್ವ ಆರೋಗ್ಯ ಸಂಸ್ಥೆಯು, ಮನೆಯವರಿಗೂ ಊರಿನವರಿಗೂ ಸರಳ ತರಬೇತಿ ಕೊಟ್ಟು ಅವರ ಮೂಲಕವೇ ಕೆಲಸ ಮಾಡಿಸುವ ದಾರಿಯನ್ನು ರೂಪಿಸಿತು. 1989ರಲ್ಲಿ ಅದರ ತರಬೇತಿ ಕೈಪಿಡಿ ಬಂತು. ಕೈಕಾಲಿನ ವ್ಯಾಯಾಮವೊಂದೇ ಸಾಲದು, ಬದುಕಿನ ಬಾಕಿ ಭಾಗದ ಗತಿಯೇನು ಎಂಬ ಟೀಕೆ ಬೆಳೆಯುತ್ತ ಹೋಗಿ, 2010ರ ಮಾರ್ಗಸೂಚಿಯಲ್ಲಿ ಆರೋಗ್ಯದ ಜೊತೆಗೆ ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು ಮತ್ತು ಸಬಲೀಕರಣಗಳು ಸೇರಿ ಐದು ಕಂಬಗಳಾದವು. ಒಂದೊಂದರಡಿಯಲ್ಲಿ ಐದೈದು ಅಂಶಗಳಂತೆ ಇಪ್ಪತ್ತೈದು ಮನೆಗಳ ಚೌಕಟ್ಟು. ಚೌಕಾಬಾರದ ಮಣೆಯಲ್ಲೂ ಇಪ್ಪತ್ತೈದೇ ಮನೆ ಎಂದು ವಿದ್ಯಾರ್ಥಿಯೊಬ್ಬ ಹೇಳಿದ ಮೇಲೆ ಆ ಚಿತ್ರವನ್ನು ನಾನು ಮರೆತೇ ಇಲ್ಲ.

ಪುಸ್ತಕದ ಮಾತು ಎಷ್ಟು ಬೇಗ ನೆಲಕ್ಕೆ ಬೀಳುತ್ತದೆ ಎಂಬುದನ್ನು ಕಳೆದ ಸಾಲಿನ ಕ್ಷೇತ್ರಕಾರ್ಯದಲ್ಲಿ ನೋಡಿದೆವು. ಸೆರೆಬ್ರಲ್ ಪಾಲ್ಸಿಯುಳ್ಳ (ಮಿದುಳಿಗಾದ ತೊಂದರೆಯಿಂದ ಕೈಕಾಲು, ಮೈ ಹಿಡಿತಕ್ಕೆ ಸಿಗದ) ಐದು ವರ್ಷದ ಹುಡುಗನೊಬ್ಬನ ಮನೆಗೆ ನನ್ನ ಇಬ್ಬರು ವಿದ್ಯಾರ್ಥಿನಿಯರು ವಾರಕ್ಕೆ ಎರಡು ದಿನ ಹೋಗುತ್ತಿದ್ದರು. ತಂದೆತಾಯಿ ತೋಟದ ಕೆಲಸಕ್ಕೆ ಹೋದ ಮೇಲೆ ಅವನನ್ನು ನೋಡಿಕೊಳ್ಳುವವರು ಅಜ್ಜಿ. ಹುಡುಗನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ವಾಲುವಂತೆ ಹಿಡಿದು, ನೀರಾದ ರಾಗಿ ಗಂಜಿಯನ್ನು ಒಳಲೆಯಿಂದ ಬಾಯಿಗೆ ಬಿಡುತ್ತಿದ್ದರು. ಅವನು ಕೆಮ್ಮುತ್ತಿದ್ದ, ಕಣ್ಣಲ್ಲಿ ನೀರು ಬರುತ್ತಿತ್ತು, ಅರ್ಧ ಗಂಜಿ ಸೆರಗಿಗೆ ಹೋಗುತ್ತಿತ್ತು. ಆ ಮಳೆಗಾಲದಲ್ಲಿ ಎರಡು ಸಲ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದರಂತೆ. ವಿದ್ಯಾರ್ಥಿನಿಯೊಬ್ಬಳು ತನ್ನ ವರದಿಯಲ್ಲಿ "ಕುಟುಂಬದ ಅಜ್ಞಾನವೇ ಸಮಸ್ಯೆಗೆ ಕಾರಣ" ಎಂದು ಬರೆದುಕೊಂಡು ಬಂದಳು. ಆ ಸಾಲನ್ನು ಹೊಡೆದುಹಾಕಿ, ಅಜ್ಜಿ ಯಾಕೆ ಹಾಗೆ ಉಣಿಸುತ್ತಾರೆಂದು ಕೇಳಿಕೊಂಡು ಬಾ ಎಂದು ವಾಪಸ್ಸು ಕಳಿಸಿದೆ.

ಅಜ್ಜಿಯ ಉತ್ತರವನ್ನು ಅವಳು ಹಾಗೆಯೇ ಬರೆದುಕೊಂಡಿದ್ದಳು: "ಕೂರ್ಸುದ್ರೆ ಉಳ್ಳೋಯ್ತಾನೆ ಕಣವ್ವ. ಒಂದು ಕೈಲಿ ಹಿಡ್ಕಂಡು ಇನ್ನೊಂದು ಕೈಲಿ ತಿನ್ಸಕಾಯ್ತದಾ? ಮಲಗ್ಸುದ್ರೇನೇ ವಸಿ ಒಳಕ್ಕೋಗೋದು." ಇದರಲ್ಲಿ ಅಜ್ಞಾನ ಎಲ್ಲಿದೆ? ಎರಡೇ ಕೈ ಇರುವ ಎಪ್ಪತ್ತರ ಹೆಂಗಸು ಕಂಡುಕೊಂಡ ಉಪಾಯ ಅದು. ಮಲಗಿದ ಮಗುವಿನ ಗಂಟಲಿಗೆ ನೀರಾದ ಆಹಾರ ಬಿದ್ದರೆ ಅದು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಜಾರಬಹುದು, ಪದೇ ಪದೇ ಬರುವ ಎದೆಯ ಸೋಂಕಿಗೆ ಅದು ಕಾರಣವಾಗಬಹುದು ಎಂಬುದು ಪುಸ್ತಕ ಹೇಳುವ ಮಾತು. ಆ ಮಾತನ್ನು ಅಜ್ಜಿಗೆ ಒಪ್ಪಿಸಿ ಬಂದರೆ ಅವರಿಗೆ ಭಯ ಹೆಚ್ಚಾಗುತ್ತದೆಯೇ ಹೊರತು ಮೂರನೆಯ ಕೈ ಬರುವುದಿಲ್ಲ.

ಆ ಮೂರನೆಯ ಕೈಗೆ ಮೂಲೆ ಕುರ್ಚಿ ಎನ್ನುತ್ತಾರೆ. ಕುರ್ಚಿ ಮಾಡಿಸುವುದಕ್ಕೆ ಮೊದಲು ಮನೆಯ ಗೋಡೆಯ ಮೂಲೆಯಲ್ಲೇ ಅವನನ್ನು ಕೂರಿಸಿ ನೋಡಿದೆವು. ಎರಡು ಗೋಡೆ ಸೇರುವ ಕಡೆ ಬೆನ್ನಿಟ್ಟರೆ ಎರಡೂ ಭುಜಗಳು ತಾವಾಗಿಯೇ ಮುಂದಕ್ಕೆ ಬರುತ್ತವೆ, ಹಿಂದಕ್ಕೆ ಸೆಟೆದುಕೊಳ್ಳುವ ದೇಹ ಸ್ವಲ್ಪ ಸಡಿಲಾಗುತ್ತದೆ. ಮಡಿಸಿದ ಕಂಬಳಿಯನ್ನು ಕೆಳಗೆ ಹಾಕಿ, ಅಕ್ಕಿ ತುಂಬಿದ ಸಣ್ಣ ಚೀಲವೊಂದನ್ನು ಮಂಡಿಗಳ ನಡುವೆ ಇಟ್ಟು, ಅಜ್ಜಿ ಎದುರಿಗೆ ಕುಳಿತು ಉಣಿಸಿದಾಗ ಮೊದಲ ದಿನ ಹನ್ನೊಂದು ಚಮಚ ಒಳಗೆ ಹೋಯಿತು, ಎಣಿಸಿದ್ದು ಅಜ್ಜಿಯೇ. ಆಮೇಲೆ ಊರಿನ ಆಚಾರರನ್ನು ಕರೆಸಿ ಅಳತೆ ತೆಗೆಸಿದೆವು. ಸೊಂಟದ ಹಿಂಭಾಗದಿಂದ ಮಂಡಿಯ ಒಳಮಡಿಕೆಯವರೆಗಿನ ಅಳತೆಗಿಂತ ಎರಡು ಬೆರಳು ಕಡಿಮೆ ಇರಬೇಕು ಕೂರುವ ಹಲಗೆ. ಮಂಡಿಯಿಂದ ಹಿಮ್ಮಡಿಯವರೆಗಿನ ಅಳತೆಗೆ ಸರಿಯಾಗಿ ಪಾದ ಊರುವ ಪಟ್ಟಿ. ಕೆಳಗೆ ಜಾರದ ಹಾಗೆ ತೊಡೆಗಳ ನಡುವೆ ಬಟ್ಟೆ ಸುತ್ತಿದ ಗೂಟ. ಎರಡು ಬೆರಳು ಯಾಕೆ ಕಡಿಮೆ ಎಂದು ಆಚಾರರು ಕೇಳಿದರು. ಹಲಗೆಯ ಅಂಚು ಮಂಡಿಯ ಹಿಂದೆ ಒತ್ತಬಾರದು ಎಂದದ್ದಕ್ಕೆ, "ಅದ್ಕೆ ಅಂಚನ್ನ ದುಂಡಗೆ ಹೊಡೀತೀನಿ ಬಿಡಿ ಮೇಷ್ಟ್ರೇ" ಎಂದು ನನ್ನ ನಕ್ಷೆಯಲ್ಲಿ ಇಲ್ಲದ್ದನ್ನು ಸೇರಿಸಿದರು. ಹಲಸಿನ ಹಲಗೆ ಅವರದೇ. ಗಂಜಿಯನ್ನು ಸರಿಯ ಹದಕ್ಕೆ ಗಟ್ಟಿ ಮಾಡುವುದು, ಗದ್ದ ಸ್ವಲ್ಪ ಕೆಳಗಿರುವಂತೆ ಚಮಚವನ್ನು ಎದುರಿನಿಂದ ತರುವುದು, ಉಂಡ ಮೇಲೆ ಅರ್ಧ ಗಂಟೆ ಹಾಗೆಯೇ ಕೂರಿಸುವುದು, ಇವನ್ನೆಲ್ಲ ಅಜ್ಜಿ ನಾಲ್ಕೇ ದಿನಗಳಲ್ಲಿ ನಮಗಿಂತ ಚೆನ್ನಾಗಿ ಮಾಡತೊಡಗಿದರು. ಆ ಹುಡುಗಿ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಎಷ್ಟು ಅಂಕ ತೆಗೆದಳೋ ನೆನಪಿಲ್ಲ. ವರದಿಯಲ್ಲಿ ಮಾತ್ರ ಆಚಾರರ ದುಂಡಗಿನ ಅಂಚಿಗೆ ಒಂದು ಪುಟ ಕೊಟ್ಟಿದ್ದಳು.

ಈಗ ನಾನು ಹೇಳಬೇಕೆಂದುಕೊಂಡ ವಿಷಯಕ್ಕೆ ಬರುತ್ತೇನೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುತ್ತಿರುವ ವಿಆರ್‌ಡಬ್ಲ್ಯೂಗಳಲ್ಲಿ ಹೆಚ್ಚಿನವರು ಸ್ವತಃ ಅಂಗವೈಕಲ್ಯವುಳ್ಳವರು, ಮತ್ತು ನಾನು ಕಂಡಂತೆ ಅವರಲ್ಲಿ ದೊಡ್ಡ ಪಾಲು ನನ್ನಂಥ ಪೋಲಿಯೊದವರು. ಮಾಸಾಶನದ ಅರ್ಜಿ, ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡು, ಬಸ್ ಪಾಸು, ಸಾಧನ ಸಲಕರಣೆ ಶಿಬಿರ, ಅಂಗವಿಕಲರಿಗೆಂದು ಮೀಸಲಾದ ಪಂಚಾಯಿತಿಯ ಶೇ. 5ರ ಅನುದಾನಕ್ಕಾಗಿ ಪಿಡಿಒ ಜೊತೆಗಿನ ಹಗ್ಗಜಗ್ಗಾಟ, ಇವುಗಳಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಯಾವ ಮನೆಯಲ್ಲಿ ಯಾರನ್ನು ಒಳಕೋಣೆಯಲ್ಲಿ ಇಟ್ಟಿದ್ದಾರೆಂಬುದು ನಮಗೆ ಗೊತ್ತು. ಆದರೆ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರವೂ ಬಂತು. ನನ್ನ ಕಾಲಿನ ಅನುಭವ ಉಪಯೋಗಕ್ಕೆ ಬರುವ ಹೊಸ ಮಕ್ಕಳು ನಮ್ಮೂರುಗಳಲ್ಲಿ ಹುಟ್ಟುತ್ತಿಲ್ಲ, ಅದು ಸಂತೋಷದ ಸಂಗತಿಯೇ. ಈಗ ನಾವು ಕದ ತಟ್ಟುವ ಮನೆಗಳಲ್ಲಿ ಇರುವುದು ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್ಸ್. ಹಾಗೆಯೇ ತೋಟದಲ್ಲಿ ಮರಗಸಿ (ಕೊಂಬೆ ಸವರುವ ಕೆಲಸ) ಮಾಡುವಾಗಲೋ ಮೆಣಸು ಕೊಯ್ಯುವಾಗಲೋ ಏಣಿಯಿಂದ ಬಿದ್ದು ಬೆನ್ನುಹುರಿ ಪೆಟ್ಟಾದ ಗಂಡಸರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದಲ್ಲಿ ಹುಣ್ಣಾಗುತ್ತದೆಂಬ ಒಂದು ಮಾತು ತಿಳಿಯದೆ ಇಂಥವರೊಬ್ಬರು ನನ್ನ ಪಂಚಾಯಿತಿಯಲ್ಲೇ ತೀರಿಕೊಂಡರು. ಅವರ ಮಾಸಾಶನ ನಾನೇ ಮಾಡಿಸಿಕೊಟ್ಟಿದ್ದೆ. ಹುಣ್ಣಿನ ವಿಚಾರ ಆಗ ನನಗೂ ಗೊತ್ತಿರಲಿಲ್ಲ.

ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ಕಾಯ್ದೆಯಲ್ಲಿ ಇಪ್ಪತ್ತೊಂದಿವೆ. ಪಟ್ಟಿ ಮೂರು ಪಟ್ಟಾಯಿತು, ಹಳ್ಳಿಯಲ್ಲಿ ಅದನ್ನು ಹೊತ್ತು ತಿರುಗುವವರ ಓದು ಅಲ್ಲೇ ಉಳಿಯಿತು. ಅನುಭವವೇ ಗುರು ಎಂದು ನಮ್ಮವರೇ ಸಭೆಗಳಲ್ಲಿ ಭಾಷಣ ಮಾಡುವಾಗ ನನಗೆ ಮುಜುಗರವಾಗುತ್ತದೆ. ಒಬ್ಬನ ಊನದ ಅನುಭವ ಇನ್ನೊಬ್ಬನ ಊನಕ್ಕೆ ತಾನಾಗಿಯೇ ಕಣ್ಣು ಕೊಡುವುದಿಲ್ಲ. ಅತ್ತ ವಿಶ್ವವಿದ್ಯಾಲಯದಿಂದ ಬರುವ ಮಕ್ಕಳಿಗೆ ಮಾದರಿಗಳೆಲ್ಲ ಗೊತ್ತಿದ್ದು, ಬೂಸಲು ಹಿಡಿದ ಕ್ಯಾಲಿಪರನ್ನು ಕೈಯಲ್ಲಿ ಮುಟ್ಟಿದವರು ಒಬ್ಬರೂ ಇರುವುದಿಲ್ಲ. 2016ರ ಕಾಯ್ದೆಯ 47ನೇ ಕಲಮು ಶಿಕ್ಷಕರು, ವೈದ್ಯರು, ದಾದಿಯರು, ಎಂಜಿನಿಯರುಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಸಮುದಾಯದ ಕೆಲಸಗಾರರು ಎಲ್ಲರ ಓದಿನಲ್ಲೂ ಅಂಗವೈಕಲ್ಯದ ವಿಷಯ ಸೇರಬೇಕೆನ್ನುತ್ತದೆ. ಪುನರ್ವಸತಿ ಪರಿಷತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆಗೂಡಿ 2021ರಲ್ಲಿ ಆರು ತಿಂಗಳ ಸಮುದಾಯ ಆಧಾರಿತ ಸಮನ್ವಯ ಅಭಿವೃದ್ಧಿಯ ಕೋರ್ಸನ್ನೂ ಆರಂಭಿಸಿದೆ. ಅದು ಒಳ್ಳೆಯ ಮೊದಲ ಮೆಟ್ಟಿಲು, ಮತ್ತು ಮೆಟ್ಟಿಲಿನ ಬಗ್ಗೆ ನಾನು ಒಳ್ಳೆಯ ಮಾತು ಆಡುವುದು ಅಪರೂಪ. ಆದರೆ ಹದಿನೈದು ವರ್ಷ ಹಳ್ಳಿ ಸುತ್ತಿದ ಒಬ್ಬ ಕಾರ್ಯಕರ್ತೆ ಅಲ್ಲಿಂದ ಮುಂದೆ, ಕನ್ನಡದಲ್ಲೇ ಓದಿ ಬರೆದು, ತನ್ನ ಕೆಲಸವನ್ನೇ ಕ್ಷೇತ್ರಕಾರ್ಯವೆಂದು ತೋರಿಸಿ ಈ ವಿಷಯದಲ್ಲಿ ಪದವಿ ಪಡೆಯುವ ದಾರಿಯೊಂದು ನಮ್ಮ ಜಿಲ್ಲೆಯ ಮಟ್ಟದಲ್ಲಿ ಬೇಕು. ಪಠ್ಯವೆಲ್ಲ ಇಂಗ್ಲಿಷಿನಲ್ಲಿ, ಕೆಲಸವೆಲ್ಲ ಕನ್ನಡದಲ್ಲಿ ಇರುವತನಕ ನನ್ನ ವಿದ್ಯಾರ್ಥಿಗಳಿಗೂ ಕೀಲು ಬಿಗಿದುಕೊಳ್ಳುವುದಕ್ಕೆ ಅಜ್ಜಿ ಬಳಸುವ ಪದ ಯಾವುದೆಂದು ಗೊತ್ತಾಗುವುದಿಲ್ಲ. "ಮರಗಟ್ಟೈತೆ" ಎನ್ನುತ್ತಾರೆ ನಮ್ಮ ಕಡೆ.

ಇದನ್ನೇ ಕಳೆದ ಬಾರಿಯ ಪಠ್ಯಕ್ರಮದ ಸಭೆಯಲ್ಲಿ ಸಣ್ಣದಾಗಿ ಪ್ರಸ್ತಾಪಿಸಿದೆ. ಪದವಿಯ ಮಾತು ಆಮೇಲೆ ಇರಲಿ, ತಾಲ್ಲೂಕಿನ ಹತ್ತು ಜನ ಗ್ರಾಮೀಣ ಕಾರ್ಯಕರ್ತರು ನನ್ನ ಒಂದು ಪತ್ರಿಕೆಯ ತರಗತಿಗೆ ಕೂರಲಿ, ಎಂಎಸ್‌ಡಬ್ಲ್ಯೂ ಮಕ್ಕಳು ಅವರ ಜೊತೆ ಹಳ್ಳಿಗೆ ಹೋಗಲಿ, ಇಬ್ಬರಿಗೂ ಒಂದೇ ವೈವಾ ಇರಲಿ ಎಂದೆ. ಯಾರೂ ವಿರೋಧಿಸಲಿಲ್ಲ. ಅವರ ಹಾಜರಾತಿಯನ್ನು ಯಾವ ನೋಂದಣಿ ಸಂಖ್ಯೆಯ ಮುಂದೆ ಹಾಕುವುದು ಎಂಬ ಪ್ರಶ್ನೆ ಬಂತು, ಚಹಾ ಬಂತು, ಮುಂದಿನ ವಿಷಯ ಬಂತು. ಪ್ರಶ್ನೆ ನಡವಳಿಯಲ್ಲಿ ದಾಖಲಾಗಿದೆ.

ಅಲ್ಲಿಯವರೆಗೆ ಕಟ್ಟೆಯ ಪಾಠಕ್ಕೆ ಅವರನ್ನು ನಾನೇ ಕರೆದಿದ್ದೇನೆ. ಕಟ್ಟೆಗೆ ನೋಂದಣಿ ಸಂಖ್ಯೆ ಬೇಕಿಲ್ಲ. ಹೋದ ತಿಂಗಳು ಮೂವರು ಬಂದಿದ್ದರು. ಮೂಲೆ ಕುರ್ಚಿಯ ಹುಡುಗ ಒಂದು ವರ್ಷದಲ್ಲಿ ಉದ್ದವಾಗಿದ್ದಾನೆ, ಪಾದ ಪಟ್ಟಿಗೆ ಸರಿಹೊಂದುತ್ತಿಲ್ಲ, ಗೂಟವನ್ನು ಮುಂದಕ್ಕೆ ಸರಿಸಬೇಕು ಎಂದು ಅಜ್ಜಿ ಹೇಳಿಕಳಿಸಿದ್ದಾರೆ. ಈ ಗುರುವಾರ ಹೊಸ ತಂಡದ ವಿದ್ಯಾರ್ಥಿಗಳೂ ಆ ಮೂವರೂ ಸೇರಿ ಅಳತೆ ತೆಗೆಯುತ್ತಾರೆ. ಆಚಾರರಿಗೆ ಫೋನ್ ಮಾಡಿ ಹೇಳಿದ್ದೇನೆ, ಸಂತೆ ದಿನ ಬಿಟ್ಟು ಯಾವಾಗಲಾದರೂ ಬರುತ್ತೇನೆ ಎಂದಿದ್ದಾರೆ.